ನಲವತ್ತೊಂದರ ಹೋಳು

"ರಕ್ತ ಬೇಡ, ಹೆಮ್ಮೆ ಇರ್ಲಿ," ಎಂದು ಮ್ಯಾನೇಜರು ಮೊದಲೇ ಹೇಳಿಬಿಟ್ಟಿದ್ದರು. ಬಂದೂಕಿನ ಚರಿತ್ರೆ ಬರೆಯಬೇಕಂತೆ, ಅದರಲ್ಲಿ ರಕ್ತ ಇರಬಾರದಂತೆ! ಈಜು ಕಲಿಸು, ನೀರು ಮುಟ್ಟಿಸಬೇಡ ಎಂದ ಹಾಗಾಯಿತು. ಆದರೆ ಲೈಬ್ರರಿಯಕ್ಕ ಎದುರು ಮಾತಾಡುವವಳಲ್ಲ. ಕಾರ್ಖಾನೆಯ ಲೈಬ್ರರಿಯಲ್ಲಿ ಇಪ್ಪತ್ತಾರು ವರ್ಷ ಧೂಳು ಕುಡಿದವಳು, ಐವತ್ತರ ಹತ್ತಿರ ಬಂದಿದ್ದಳು, ಮ್ಯಾನೇಜರುಗಳು ಬಂದು ಹೋಗುವುದನ್ನು ಬೇಕಾದಷ್ಟು ನೋಡಿದ್ದಳು. ತಲೆಯಾಡಿಸಿ ಬಂದು ಬರೆಯಲು ಕೂತಳು.

ಗೇಟಿನ ಪಕ್ಕದ ಹಳೆಯ ಸ್ಟೋರ್ ಕೋಣೆಗೆ ಸುಣ್ಣ ಬಳಿದು ಅದನ್ನು ಚರಿತ್ರೆಯ ಕೋಣೆ ಮಾಡಿದ್ದರು. ನಡುವೆ ಕಬ್ಬಿಣದ ಮೇಜು, ಮೇಜಿನ ಮೇಲೆ ಹೆಲಿಕಾಪ್ಟರಿನ ಬಾಗಿಲಲ್ಲಿ ಕೂರುವ ಆರು ನಳಿಗೆಯ ಹಳೆಯ ಬಂದೂಕು, ಗೋಡೆಗೆ ಐದು ಬೋರ್ಡು. ಶುಕ್ರವಾರ ಉದ್ಘಾಟನೆ. ಇವತ್ತು ಬುಧವಾರ.

ಮೊದಲ ನಾಲ್ಕು ಬೋರ್ಡು ಅವಳಿಗೆ ನೀರು ಕುಡಿದಷ್ಟು ಸಲೀಸಾಗಿ ಬಂದಿತ್ತು. ನೂರೈವತ್ತು ವರ್ಷಕ್ಕೂ ಹಿಂದೆ ಯಾರೋ ಒಬ್ಬ ಹಲವು ನಳಿಗೆಗಳನ್ನು ಕಟ್ಟಾಗಿ ಜೋಡಿಸಿ, ಹಿಂದೊಂದು ಹಿಡಿ ಇಟ್ಟು ಕೈಯಿಂದ ತಿರುಗಿಸಿದ. ತಿರುಗಿಸಿದಷ್ಟೂ ಗುಂಡು. ನಳಿಗೆಗಳು ಸರದಿಯ ಮೇಲೆ ಹಾರಿಸುವುದರಿಂದ ಯಾವುದೂ ಬೇಗ ಕಾಯುವುದಿಲ್ಲ. ಮುಂದೆ ಇನ್ನೊಬ್ಬ ಹಿಡಿ ತೆಗೆದು ವಿದ್ಯುತ್ ಮೋಟಾರು ಕೂರಿಸಿದ. ಇಷ್ಟೊಂದು ಗುಂಡು ಯಾರಿಗೆ ಬೇಕು ಎಂದು ಅದನ್ನು ಮೂಲೆಗೆ ತಳ್ಳಿದರು. ಅರ್ಧ ಶತಮಾನ ಕಳೆದು ಜೆಟ್ ವಿಮಾನ ಬಂದು, ರೆಪ್ಪೆ ಮುಚ್ಚಿ ತೆರೆಯುವುದರೊಳಗೆ ಗುರಿ ಮಾಯವಾಗತೊಡಗಿದಾಗ, ಅದೇ ಯೋಚನೆಯನ್ನು ಧೂಳು ಕೊಡವಿ ಎತ್ತಿಕೊಂಡರು. ಆಮೇಲೆ ಹೆಲಿಕಾಪ್ಟರು. ಮರದೆತ್ತರಕ್ಕೆ ಇಳಿಯುವ ಅದನ್ನು ಕೆಳಗಿನಿಂದ ಯಾರು ಬೇಕಾದರೂ ಹೊಡೆಯಬಹುದು. ಜೆಟ್ ವಿಮಾನದ ದೊಡ್ಡ ಫಿರಂಗಿಯ ಆ ಲೆಕ್ಕಾಚಾರವನ್ನೇ ಕುಗ್ಗಿಸಿ ಬಾಗಿಲಲ್ಲಿ ಕೂರಿಸಿದರು. ನಿಮಿಷಕ್ಕೆ ಸಾವಿರಾರು ಗುಂಡು! ಮೊದಮೊದಲು ಅದು ತಿಂದದ್ದು ಗಂಟಲಲ್ಲಿ ಸಿಕ್ಕಿ ಒದ್ದಾಡುತ್ತಿತ್ತು. ನಿಲ್ಲಿಸಿದ ಮೇಲೂ ಕಾದ ನಳಿಗೆಯಲ್ಲಿ ಉಳಿದ ಗುಂಡು ತಾನಾಗಿಯೇ ಸಿಡಿಯುತ್ತಿತ್ತು. ಮೊದಲು ಗುಂಡಿನ ಸರ ನಿಲ್ಲಬೇಕು, ಆಮೇಲೆ ನಳಿಗೆ ನಿಲ್ಲಬೇಕು ಎಂದು ಕಂಡುಕೊಳ್ಳುವಷ್ಟರಲ್ಲಿ ಎಂಜಿನಿಯರುಗಳಿಗೆ ಸಾಕುಬೇಕಾಗಿತ್ತು.

ಐದನೆಯ ಬೋರ್ಡು ಅವಳ ಅಪ್ಪನದು. ಅದನ್ನು ಅವಳು ಕೊನೆಗೆ ಇಟ್ಟುಕೊಂಡಿದ್ದಳು, ಮಕ್ಕಳು ಇಷ್ಟದ ತಿಂಡಿಯನ್ನು ತಟ್ಟೆಯ ಅಂಚಿಗೆ ಸರಿಸಿಡುವ ಹಾಗೆ.

ಅಪ್ಪ ಈ ಕಾರ್ಖಾನೆಯ ಹಿರಿಯ ಮೆಕ್ಯಾನಿಕ್ ಆಗಿದ್ದ. ತೀರಿಕೊಂಡು ಒಂಬತ್ತು ವರ್ಷವಾದರೂ ತರಬೇತಿ ಕೋಣೆಯಲ್ಲಿ ಅವನ ಫೋಟೋ ಇದೆ, 'ಕೆಂಪು ಪಟ್ಟಿ'ಗಾಗಿ. ಈ ಬಂದೂಕಿಗೆ ಒಂದು ಸ್ವಭಾವವಿದೆ: ಮೋಟಾರು ತಿರುಗಿಸಿದರೂ ಸರಿ, ಕೈ ತಿರುಗಿಸಿದರೂ ಸರಿ, ಒಳಗೆ ಗುಂಡಿದ್ದರೆ ಹಾರಿಯೇ ತೀರುತ್ತದೆ. ಅದಕ್ಕೆಂದೇ ಅದರ ಹೊಟ್ಟೆಯಲ್ಲಿ ಅಂಗೈಯಗಲದ ಒಂದು ಉಕ್ಕಿನ ತುಂಡು ಇರುತ್ತದೆ. ಕೆಲಸಗಾರರು ಅದಕ್ಕೆ ಹೋಳು ಅನ್ನುತ್ತಾರೆ. ಹೋಳು ತೆಗೆದರೆ ಎಷ್ಟು ತಿರುಗಿಸಿದರೂ ಒಂದೂ ಗುಂಡು ಹಾರದು. ತೆಗೆದವನು ಅದನ್ನು ತನ್ನ ಜೇಬಿಗೆ ಹಾಕಿಕೊಳ್ಳಬೇಕು, ಕೆಲಸ ಮುಗಿಯುವವರೆಗೆ ಯಾರ ಕೈಗೂ ಕೊಡಬಾರದು. ಹಿಂದಿನಿಂದ ಬಂದ ಕ್ರಮ ಅದು. ಅಪ್ಪ ಅದಕ್ಕೊಂದು ಸೇರಿಸಿದ: ಪ್ರತಿ ಹೋಳಿಗೂ ಉದ್ದನೆಯ ಕೆಂಪು ಪಟ್ಟಿ, ಪಟ್ಟಿಯ ಮೇಲೆ ಕಣ್ಣಿಗೆ ಹೊಡೆಯುವ ಹಾಗೆ ಬಂದೂಕಿನ ನಂಬರು. ಪಟ್ಟಿ ಜೇಬಿನಿಂದ ಹೊರಗೆ ನೇತಾಡುತ್ತಿರಬೇಕು. ಮೂವತ್ತೆಂಟು ವರ್ಷಗಳಿಂದ ಇಲ್ಲಿ ಬಂದೂಕು ಮುಟ್ಟಿದವರೆಲ್ಲ ಆ ಪಟ್ಟಿ ನೇತುಹಾಕಿಕೊಂಡೇ ಮುಟ್ಟಿದ್ದಾರೆ, ಒಂದು ಬೆರಳಿಗೂ ಪೆಟ್ಟಾಗಿಲ್ಲ.

ಪಟ್ಟಿ ಬಂದದ್ದು ಒಂದು ಸಾವಿನ ನಂತರ. ಆ ಸಾವಿಗಾಗಿ ಕೆಲಸ ಕಳೆದುಕೊಂಡವರು ಈಗ ಅವಳ ಮುಂದೆಯೇ, ಮೇಜಿನ ಆಚೆ, ಸ್ಪ್ಯಾನರ್ ಹಿಡಿದು ನಿಂತಿದ್ದರು.

ಅವರನ್ನು ಎಲ್ಲರೂ 'ಎರಡ್ಸಲ' ಅನ್ನುತ್ತಿದ್ದರು, ವಯಸ್ಸಾದ ಮೇಲೆ 'ಎರಡ್ಸಲ ತಾತ'. ಏನನ್ನೂ ಎರಡು ಸಲ ನೋಡದೆ ಬಿಡುವ ಜೀವವಲ್ಲ. ತಿರುಪು ಬಿಗಿದು ಮತ್ತೆ ಬಿಗಿಯುತ್ತಿದ್ದರು, ಎಣಿಸಿದ್ದನ್ನು ಮತ್ತೆ ಎಣಿಸುತ್ತಿದ್ದರು, ಟೀ ಲೋಟದೊಳಗೂ ಎರಡು ಸಲ ಇಣುಕುತ್ತಿದ್ದರಂತೆ. ಅಂಥವರನ್ನು ಅಜಾಗರೂಕತೆ ಎಂದು ಬರೆದು ಮನೆಗೆ ಕಳಿಸಿದ್ದರು! ಆಮೇಲೆ ನೀರಿನ ಪಂಪು ರಿಪೇರಿ ಮಾಡಿಕೊಂಡು ಬದುಕಿದರು. ಈಗ ಎಪ್ಪತ್ತನಾಲ್ಕು. ಹಳೆಯ ಮಾದರಿಯನ್ನು ಜೋಡಿಸಲು ಗೊತ್ತಿರುವವರು ಬೇರೆ ಯಾರೂ ಉಳಿದಿರಲಿಲ್ಲವಾದ್ದರಿಂದ ಕಾರ್ಖಾನೆ ನಾಚಿಕೆ ಬಿಟ್ಟು ಅವರಿಗೇ ಹೇಳಿಕಳಿಸಿತ್ತು, ಅವರೂ ಒಂದು ಮಾತಾಡದೆ ಬಂದಿದ್ದರು.

ಸೋಮವಾರ ಅವರು ಒಳಗೆ ಬಂದಾಗ ಲೈಬ್ರರಿಯಕ್ಕನಿಗೆ ಮುಖ ಎಲ್ಲಿ ಇಟ್ಟುಕೊಳ್ಳಬೇಕೋ ತಿಳಿದಿರಲಿಲ್ಲ. ಇವರ ಮಗಳು ಶಾಲೆಯಲ್ಲಿ ಅವಳ ತರಗತಿಯಲ್ಲೇ ಇದ್ದಳು. ಆ ಸಾವಿನ ವರ್ಷ ಲೈಬ್ರರಿಯಕ್ಕ, ಹನ್ನೆರಡರ ಹುಂಬತನದಲ್ಲಿ, ಇಡೀ ತರಗತಿಗೆ ಕೇಳುವ ಹಾಗೆ "ನಿಮ್ಮಪ್ಪ ಕೊಲೆಗಾರ" ಎಂದಿದ್ದಳು. ಆ ಹುಡುಗಿ ಅಳಲಿಲ್ಲ. ಚೀಲ ಎತ್ತಿಕೊಂಡು ಹೋದವಳು ಮತ್ತೆ ಶಾಲೆಗೆ ಬರಲಿಲ್ಲ.

ತಾತ ಮಾತ್ರ ಮೊದಲ ದಿನವೇ, "ಮೆಕ್ಯಾನಿಕ್ ಸಾಹೇಬ್ರ ಮಗಳಲ್ವಾ? ಮೂಗು ಅವರದೇ," ಎಂದು ನಕ್ಕು, ಕೋಟು ಬಿಚ್ಚಿ ಕೆಲಸಕ್ಕೆ ಇಳಿದಿದ್ದರು.

ಇವತ್ತು ಮಧ್ಯಾಹ್ನದ ಹೊತ್ತಿಗೆ ಬಂದೂಕು ಪೂರ್ತಿ ಎದ್ದು ನಿಂತಿತು. ತಾತ ಎರಡು ಸಲ ಸುತ್ತಿ ಬಂದು ನೋಡಿದರು. ಆಮೇಲೆ ಹೊಟ್ಟೆಯ ಹತ್ತಿರ ಬೆರಳಿಟ್ಟು ಮೂಗು ಮುರಿದರು.

"ಈ ಹೋಳು ಇದರದಲ್ಲ ಅಕ್ಕಾವ್ರೇ. ಸ್ಟೋರಿಂದ ಕೊಟ್ಟ ಬದಲಿ. ನೋಡಿ, ಅಂಚು ಕೂತಿಲ್ಲ."

"ಇದರದ್ದೇ ಎಲ್ಲಿ ಹೋಯ್ತು ತಾತ?"

"ಆವತ್ತೇ ಕಳೀತು. ಇದು ಎಡಗಡೆ ಬಂದೂಕು, ನಂಬರ್ ನಲವತ್ತೊಂದು. ಸಾವಾಗಿದ್ದು ಬಲಗಡೆದ್ರಲ್ಲಿ, ನಲವತ್ತೆರಡರಲ್ಲಿ. ಅದನ್ನ ಕರಗಿಸಿಬಿಟ್ರು. ಎರಡೂ ಒಂದೇ ಹೆಲಿಕಾಪ್ಟರ್‌ದು." ಅವರು ಬಟ್ಟೆಯಿಂದ ಕೈ ಒರೆಸಿಕೊಂಡರು. "ಸಂಜೆ ಎಣಿಸುವಾಗ ನಲವತ್ತೊಂದರ ಹೋಳು ಇರ್ಲಿಲ್ಲ. ನಾನೇ ಹೋಗಿ ಹೇಳ್ದೆ. ಒಂದ್ಸಲ ಅಲ್ಲ, ಎರಡ್ಸಲ ಹೇಳ್ದೆ. 'ಇನ್ನೊಂದು ಹೋಳೂ ಕಳೆದುಹಾಕಿದ್ದಾನೆ, ನೋಡಿ ಇವನ ಜವಾಬ್ದಾರಿ' ಅಂತ ಅದನ್ನೂ ನನ್ನ ತಲೆಗೇ ಕಟ್ಟಿದ್ರು."

ಲೈಬ್ರರಿಯಕ್ಕ ವಿಚಾರಣೆಯ ಫೈಲು ಓದಿದ್ದಳು. ಅಪ್ಪ ಬಲಗಡೆಯ ಬಂದೂಕಿನ ಹೋಳು ತೆಗೆದು ಬೆಂಚಿನ ಮೇಲೆ ಇಟ್ಟ, ಅವನು ಬೆನ್ನು ತಿರುಗಿಸಿದಾಗ ಫಿಟ್ಟರು, ಅಂದರೆ ಇದೇ ತಾತ, ಹೇಳದೆ ಕೇಳದೆ ಮತ್ತೆ ಹಾಕಿಬಿಟ್ಟ, ಅದು ತಿಳಿಯದೆ ಅಪ್ಪ ನಳಿಗೆ ತಿರುಗಿಸಿದ, ಮುಂದೆ ನಿಂತು ನಳಿಗೆಯ ಬಾಯಿ ಒರೆಸುತ್ತಿದ್ದ ಗನ್ನರ್ ಹುಡುಗ ಸತ್ತ. ಫೈಲಿನಲ್ಲಿ ಇದ್ದದ್ದು ಇಷ್ಟೇ.

"ಬೆಂಚಿನ ಮೇಲೆ ಇಟ್ಟಿದ್ದು ನೀವು ನೋಡಿದ್ರಾ ತಾತ?" ಅವಳು ಮೆಲ್ಲಗೆ ಕೇಳಿದಳು.

ತಾತ ಸ್ಪ್ಯಾನರ್ ಕೆಳಗಿಟ್ಟರು. "ನಿಮ್ಮಪ್ಪ ಬೆಂಚಿನ ಮೇಲೆ ಹೋಳು ಇಡೋರೇ ಅಲ್ಲ. ನಮಗೆಲ್ಲ ಜೇಬಿನ ಪಾಠ ಹೇಳಿದವರೇ ಅವರು. ಆವತ್ತು ಗನ್ನರ್ ಬಟ್ಟೆ ಹಿಡ್ಕೊಂಡು ಬಂದು 'ಹೋಳು?' ಅಂದ. ಅವರು ಜೇಬು ತಟ್ಟಿದ್ರು. ಟಣ್ ಅಂತು. ನಾನು ಕೇಳಿದೀನಿ. ಹುಡುಗ ನಂಬಿಕೊಂಡು ಮುಂದೆ ಹೋಗಿ ನಿಂತ."

"ಮತ್ತೆ ವಿಚಾರಣೇಲಿ ಹೇಳ್ಲಿಲ್ವಾ?"

"ಅಯ್ಯೋ, ಹೇಳದೆ ಇರ್ತೀನಾ! ಅವರ ಮಾತು ಒಂದು ಕಡೆ, ನಂದು ಒಂದು ಕಡೆ. ಅವರು ಸಾಹೇಬ್ರು, ನಾನು ಫಿಟ್ಟರು." ಅವರು ಗೋಡೆಯ ಖಾಲಿ ಐದನೆಯ ಬೋರ್ಡಿನ ಕಡೆ ನೋಡಿದರು. "ನನಗೆ ಅರ್ಥವಾಗದೇ ಇದ್ದಿದ್ದು ಆಮೇಲೆ ಬಂದ ಪಟ್ಟಿ. ನಾನು ಹೋಳು ವಾಪಸ್ ಹಾಕಿದ್ದೇ ತಪ್ಪು ಅಂದ್ರೆ, ಅದಕ್ಕೆ ನಂಬರ್ ಬರೆಯೋದು ಯಾಕೆ? ತಲೆನೋವಿಗೆ ಕಾಲಿಗೆ ಪಟ್ಟು ಹಾಕಿದ ಹಾಗೆ. ನಂಬರ್ ಬೇಕಾಗೋದು ಒಂದರ ಹೋಳು ಇನ್ನೊಂದರದ್ದು ಅಂದ್ಕೊಂಡಾಗ ಮಾತ್ರ." ಆಮೇಲೆ ತಲೆ ಕೊಡವಿದರು. "ಹೋಗ್ಲಿ ಬಿಡಿ, ಮುದುಕನ ತಲೆಹರಟೆ. ಈ ಮಾಡೆಲ್ ಹೋಳು ಗುಜರೀಲಿ ಎಲ್ಲಾದ್ರೂ ಬಿದ್ದಿದೆಯಾ ಹುಡುಕಿಸಿ. ಈಗಿನದು ಚೌಕ, ಇದು ಬಾಗಿರೋದು. ಹೀಗಿರತ್ತೆ."

ಜೇಬಿನಿಂದ ಸೀಮೆಸುಣ್ಣ ತೆಗೆದು ಮೇಜಿನ ಮೇಲೆ ಗೀಚಿದರು. ಕಲ್ಲಂಗಡಿ ಹಣ್ಣಿನ ಸೀಳಿನಂಥ ಬಾಗು, ಒಂದು ತುದಿಯಲ್ಲಿ ಉಗುರಿನಷ್ಟು ಕಚ್ಚು, ನಡುವೆ ಎರಡು ತೂತು.

ಲೈಬ್ರರಿಯಕ್ಕ ಬಗ್ಗಿ ನೋಡಿದಳು. ಆ ಕಚ್ಚಿನಲ್ಲಿ ಅವಳು ಹುಡುಗಿಯಾಗಿದ್ದಾಗ ದಾರ ಸಿಕ್ಕಿಸಿ ಆಡಿದ್ದಳು. ಆ ತೂತುಗಳಲ್ಲಿ ಕಿರುಬೆರಳು ತೂರಿಸಿದ್ದಳು. ಅವಳ ಅಮ್ಮ ಮೂವತ್ತೆಂಟು ವರ್ಷಗಳಿಂದ ಬಟ್ಟೆ ಕತ್ತರಿಸುವಾಗ ಸರಿಯದಿರಲಿ ಎಂದು ಮೇಲಿಡುವ ಭಾರ ಅದು. ಇವತ್ತು ಬೆಳಿಗ್ಗೆಯೂ ಅದು ಹೊಲಿಗೆ ಮೆಷಿನ್ನಿನ ಪಕ್ಕದಲ್ಲೇ ಇತ್ತು.

"ಏನಾಯ್ತು ಅಕ್ಕಾವ್ರೇ? ಮುಖ ಬಿಳಿಚಿಕೊಂಡಿದೆ."

"ಏನಿಲ್ಲ ತಾತ. ಒಂದು ಗಂಟೇಲಿ ಬರ್ತೀನಿ."

ದಾರಿಯುದ್ದಕ್ಕೂ ಅವಳು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಗುಜರಿಯಲ್ಲಿ ಸಿಕ್ಕಿದ್ದಿರಬಹುದು. ಯಾವುದೋ ಬೇರೆ ನಂಬರಿದ್ದೀತು. ಅಪ್ಪ! ತರಬೇತಿಗೆ ಬಂದವರಿಗೆಲ್ಲ ಎದೆ ತಟ್ಟಿ ಪಾಠ ಹೇಳಿದ ಅಪ್ಪ. ಮಗಳು ಒಂದು ಸುಳ್ಳು ಹೇಳಿದ್ದಕ್ಕೆ ಎರಡು ದಿನ ಮಾತು ಬಿಟ್ಟಿದ್ದ ಅಪ್ಪ. ಕಾಲುಗಳು ಮಾತ್ರ ಅವಳ ಸಮಾಧಾನ ಕೇಳದೆ ಓಡುತ್ತಿದ್ದವು.

ಅಮ್ಮ ಕಿಟಕಿಯ ಬಳಿ ಮೇಜಿನ ಮೇಲೆ ನೀಲಿ ಬಟ್ಟೆ ಹರಡಿಕೊಂಡು ಅಂಗಿ ಕತ್ತರಿಸುತ್ತಿದ್ದಳು. ಎಂಬತ್ತಾದರೂ ಕತ್ತರಿ ನಡುಗುತ್ತಿರಲಿಲ್ಲ, ನಾಲಿಗೆಯೂ ಮೊಂಡಾಗಿರಲಿಲ್ಲ.

"ಮಧ್ಯಾಹ್ನವೇ ಬಂದ್ಯಲ್ಲ? ಕೆಲಸದಿಂದ ಓಡಿಸಿದ್ರಾ?"

ಲೈಬ್ರರಿಯಕ್ಕ ಬಟ್ಟೆಯ ಮೇಲಿದ್ದ ಭಾರಕ್ಕೆ ಕೈ ಹಾಕಿದಳು. ಹೊಲಿಗೆ ಮೆಷಿನ್ನಿನ ಎಣ್ಣೆ ಸವರಿ ಸವರಿ ಅದು ಕನ್ನಡಿಯಂತಾಗಿತ್ತು. ತಿರುಗಿಸಿದಳು. ಒಳಬಾಗಿನಲ್ಲಿ, ಇಷ್ಟು ವರ್ಷ ಅವಳು ಯಾವತ್ತೂ ಗಮನಿಸದ ಜಾಗದಲ್ಲಿ, ಸಣ್ಣದಾಗಿ ಕೊರೆದಿತ್ತು: ನಾಲ್ಕು, ಒಂದು.

"ಅಮ್ಮ, ಅಪ್ಪ ಇದನ್ನ ಯಾವಾಗ ತಂದಿದ್ದು?"

ಕತ್ತರಿ ನಿಂತಿತು. ಅಮ್ಮ ತಲೆ ಎತ್ತಲಿಲ್ಲ. ಯಾವುದು ಎಂದು ಕೇಳಲಿಲ್ಲ, ನೆನಪಿಲ್ಲ ಎನ್ನಲಿಲ್ಲ.

"ನಿನಗೆ ಯಾರು ಹೇಳಿದ್ರು?" ಎಂದಳು.

ಅಮ್ಮನಿಗೆ ಗೊತ್ತಿತ್ತು! ಕೇಳಿದ್ದು ಅಪ್ಪನ ಬಗ್ಗೆ, ಹೊರಬಿದ್ದದ್ದು ಅಮ್ಮ. ಲೈಬ್ರರಿಯಕ್ಕ ಪಕ್ಕದ ಸ್ಟೂಲನ್ನು ಎಳೆದು ಕೂತಳು.

"ಆವತ್ತು ಸಂಜೆ ಪ್ಯಾಂಟು ಒಗೆಯೋಕೆ ಬಿಚ್ಚಿಟ್ಟಿದ್ರು," ಅಮ್ಮ ಬಟ್ಟೆಯನ್ನೇ ನೋಡುತ್ತ ಹೇಳತೊಡಗಿದಳು. "ತುಂಬಾ ಕಲೆಯಾಗಿತ್ತು. ಜೇಬಿಂದ ಇದನ್ನ ತೆಗೆದವಳು ನಾನೇ. ತೋರಿಸಿದ್ದೇ ತಡ, ನೆಲದ ಮೇಲೆ ಕೂತುಬಿಟ್ರು. ಅಲ್ಲಿವರೆಗೂ ಅವರಿಗೇ ಗೊತ್ತಿರ್ಲಿಲ್ಲ ಕಣೇ. ಬೆಳಿಗ್ಗೆ ಎಡಗಡೆದರ ಹೋಳು ತೆಗೆದು ಜೇಬಿಗೆ ಹಾಕಿದ್ರಂತೆ. ಆಮೇಲೆ ಬಲಗಡೆ ಹೋದ್ರು, ಜೇಬು ಮುಟ್ಟಿ ನೋಡ್ಕೊಂಡ್ರು, ಭಾರವಿತ್ತು. ತೆಗೆದಿದೀನಿ ಅಂದ್ಕೊಂಡ್ರು. ಅಷ್ಟೇ. ಯಾರಿಗೆ ಬೇಕಾದ್ರೂ ಆಗೋ ತಪ್ಪು."

"ಹಾಗಾದ್ರೆ ಮೂರನೇ ದಿನ ವಿಚಾರಣೇಲಿ..."

"ಅವರು ಆವತ್ತೇ ಹೋಗಿ ಹೇಳ್ತೀನಿ ಅಂತ ಚಪ್ಪಲಿ ಮೆಟ್ಟಿದ್ರು." ಅಮ್ಮ ಈಗ ತಲೆ ಎತ್ತಿದಳು. ಕಣ್ಣು ಒಣಗಿತ್ತು. "ನಾನು ಬಾಗಿಲಿಗೆ ಅಡ್ಡ ನಿಂತೆ. ಬೆಂಚಿನ ಮಾತು ನಾನೇ ಹೇಳಿಕೊಟ್ಟಿದ್ದು."

"ಅಮ್ಮಾ!"

"ಏನು ಅಮ್ಮ? ನಿನಗೆ ಹನ್ನೆರಡು ವರ್ಷ. ಆ ಹುಡುಗ ಹೋಗಿಯಾಗಿತ್ತು. ಯಾರದಾದ್ರೂ ಒಂದು ಮನೆ ಹಾಳಾಗೋದಿತ್ತು. ನಮ್ಮದು ಬೇಡ ಅಂದ್ಕೊಂಡೆ."

ಅಂಗಡಿಯಲ್ಲಿ ಎರಡು ಬಟ್ಟೆಯಲ್ಲಿ ಒಂದನ್ನು ಬೇಡ ಎಂದು ಬದಿಗಿಟ್ಟಷ್ಟು ಸಲೀಸಾಗಿ ಹೇಳಿದಳು ಅದನ್ನು. ಲೈಬ್ರರಿಯಕ್ಕನಿಗೆ ಶಾಲೆಯಲ್ಲಿ ಚೀಲ ಎತ್ತಿಕೊಂಡು ಹೋದ ಹುಡುಗಿಯ ಬೆನ್ನು ಕಣ್ಣಿಗೆ ಬಂತು. ತನ್ನ ಓದು, ಅಪ್ಪನ ಹೆಸರಿನ ಮೇಲೆ ಸಿಕ್ಕ ಕೆಲಸ, ಕೂತಿರುವ ಈ ಸ್ಟೂಲು, ಎಲ್ಲವೂ ಒಮ್ಮೆಗೇ ಪರರ ಸೊತ್ತಿನಂತೆ ಕಂಡಿತು.

"ಇದನ್ನ ಬಿಸಾಕಬಹುದಿತ್ತಲ್ಲ?" ಎಂದು ಕೊನೆಗೆ ಕೇಳಿದಳು. "ಕಣ್ಣೆದುರಿಗೇ ಯಾಕೆ ಇಟ್ಕೊಂಡ್ರಿ?"

"ನಾನು ಬಿಸಾಕ್ತೀನಿ ಅಂದೆ. ನಂಬರ್ ಇರೋದನ್ನ ಬಿಸಾಕಬಾರದು ಅಂದ್ರು ನಿಮ್ಮಪ್ಪ." ಅಮ್ಮ ಬಟ್ಟೆಯ ಸುಕ್ಕು ಸವರಿದಳು. "ಆಮೇಲೆ ಎಷ್ಟೋ ಸಲ ಇಲ್ಲಿ ಕೂತು ಅದನ್ನೇ ನೋಡೋರು. ಆ ಕೆಂಪು ಪಟ್ಟಿ ಹೊಲಿದಿದ್ದೂ ಇದೇ ಮೆಷಿನ್‌ನಲ್ಲಿ. ಮೊದಲನೇ ನೂರು ಪಟ್ಟಿ ನನ್ನ ಕೈಯದೇ."

ಲೈಬ್ರರಿಯಕ್ಕ ಎದ್ದಳು. ಹೋಳನ್ನು ಸೆರಗಿನಲ್ಲಿ ಸುತ್ತಿದಳು.

"ಅವರಿಗೆ ಕೊಡ್ತೀಯಾ?"

"ಹೂಂ."

"ಅಪ್ಪನ ಫೋಟೋ ಇಳಿಸ್ತಾರೆ."

"ಇಳಿಸ್ಲಿ."

ತಡೆಯುತ್ತಾಳೆ ಎಂದುಕೊಂಡಿದ್ದಳು. ಅಂದಿನ ಹಾಗೆ ಬಾಗಿಲಿಗೆ ಅಡ್ಡ ನಿಲ್ಲುತ್ತಾಳೆ ಎಂದು ಕಾದಳು ಕೂಡ. ಅಮ್ಮ ಕೂತಲ್ಲೇ ಕೂತು, ಫ್ಯಾನಿನ ಗಾಳಿಗೆ ಏಳುತ್ತಿದ್ದ ನೀಲಿ ಬಟ್ಟೆಯನ್ನು ಎರಡೂ ಅಂಗೈಯಿಂದ ಒತ್ತಿ ಹಿಡಿದಿದ್ದಳು.

"ಹಾಗಾದ್ರೆ ನಾನು ಬಟ್ಟೆ ಮೇಲೆ ಏನಿಡ್ಲಿ?" ಎಂದಳು.

ಲೈಬ್ರರಿಯಕ್ಕ ಮತ್ತೆ ಚರಿತ್ರೆಯ ಕೋಣೆಗೆ ಬಂದಾಗ ತಾತ ಮೂಲೆಯ ಕುರ್ಚಿಯಲ್ಲಿ ತೂಕಡಿಸುತ್ತಿದ್ದರು. ಹೆಜ್ಜೆ ಸಪ್ಪಳಕ್ಕೆ ಎಚ್ಚರಾಗಿ, "ಸಿಕ್ತಾ?" ಎಂದರು.

ದಾರಿಯಲ್ಲಿ ಜೋಡಿಸಿಕೊಂಡ ಮಾತೆಲ್ಲ ಎಲ್ಲಿ ಹೋಯಿತೋ! ಸೆರಗು ಬಿಚ್ಚಿ ಹೋಳನ್ನು ಅವರ ಅಂಗೈಯಲ್ಲಿಟ್ಟಳು.

"ಇದು ಆವತ್ತು ಅಪ್ಪನ ಜೇಬಲ್ಲಿತ್ತು ತಾತ. ನಮ್ಮನೇಲೇ ಇತ್ತು. ಇಷ್ಟು ವರ್ಷವೂ."

ತಾತ ಕನ್ನಡಕ ಹಾಕಿಕೊಂಡು ಹೋಳನ್ನು ತಿರುಗಿಸಿ ಬೆಳಕಿಗೆ ಹಿಡಿದರು. ನಂಬರು ಓದಿದರು. ಲೈಬ್ರರಿಯಕ್ಕ ಕಾದಳು, ಮತ್ತೊಮ್ಮೆ ಓದುತ್ತಾರೆ ಎಂದು. ಅವರು ಓದಲಿಲ್ಲ. ಕನ್ನಡಕ ತೆಗೆದುಬಿಟ್ಟರು.

ಎದ್ದು ಹೋಗಿ ಸ್ಟೋರಿನ ಬದಲಿ ಹೋಳನ್ನು ಬಿಚ್ಚಿ, ಇದನ್ನು ಆ ಜಾಗಕ್ಕೆ ಒತ್ತಿದರು. ಟಕ್ಕೆಂದು ಕೂತಿತು, ಕೂದಲೆಳೆಯಷ್ಟೂ ಸಂದಿಲ್ಲದೆ. ಆಮೇಲೆ ಅಭ್ಯಾಸಬಲ ನೋಡಿ, ಅದನ್ನು ಮತ್ತೆ ಹೊರತೆಗೆದು ತಮ್ಮ ಜೇಬಿಗೆ ಇಳಿಸಿ, ಮೇಲಿನಿಂದ ಒಮ್ಮೆ ತಟ್ಟಿದರು. ತಟ್ಟಿದ ಕೈ ಅಲ್ಲೇ ನಿಂತಿತು. ಮುದುಕರ ಭುಜಗಳು ಅಲುಗತೊಡಗಿದವು. ಲೈಬ್ರರಿಯಕ್ಕ ಮುಂದೆ ಹೋಗಲೂ ಆಗದೆ ಹಿಂದೆ ಸರಿಯಲೂ ಆಗದೆ ನಿಂತಳು.

"ತಪ್ಪಾಯ್ತು ತಾತ," ಎಂದಳು. ಅದು ಎಷ್ಟು ಸಣ್ಣ ಮಾತು ಎಂದು ಹೇಳಿದ ಮೇಲೆ ಗೊತ್ತಾಯಿತು.

"ನನ್ನ ಹೆಂಡ್ತಿ ಒಂದು ದಿನವೂ ಬಾಯಿಬಿಟ್ಟು ಕೇಳ್ಲಿಲ್ಲ, ನೀನು ಮಾಡಿದ್ಯಾ ಅಂತ," ತಾತ ಮೂಗೊರೆಸಿಕೊಂಡರು. "ಆದ್ರೆ ನಾನು ಚಿಲಕ ಹಾಕಿ ಬಂದ ಮೇಲೆ ಎದ್ದು ಹೋಗಿ ನೋಡೋಳು. ಸ್ಟವ್ ಆರಿಸಿದ್ರೆ ಹಿಂದೇನೇ ಬಂದು ಮುಟ್ಟಿ ನೋಡೋಳು. ಸಾಯೋವರೆಗೂ ಹಾಗೇ. ನೋಡ್ತಾ ನೋಡ್ತಾ ನನಗೇ ಅನುಮಾನ ಬಂದುಬಿಟ್ಟಿತ್ತು ಅಕ್ಕಾವ್ರೇ. ನಾನೇ ಹಾಕಿದ್ನೇನೋ, ಮರೆತುಬಿಟ್ನೇನೋ ಅಂತ."

ಲೈಬ್ರರಿಯಕ್ಕ ಐದನೆಯ ಬೋರ್ಡಿನ ಹಾಳೆ ಎತ್ತಿಕೊಂಡು, "ಏನು ಬರೀಲಿ ಹೇಳಿ. ನೀವು ಹೇಳಿದ ಹಾಗೇ ಬರೀತೀನಿ. ಮ್ಯಾನೇಜರು ಏನಾದ್ರೂ ಅಂದ್ಕೊಳ್ಳಲಿ," ಎಂದಳು.

"ಆಗಿದ್ದನ್ನ ಬರೀರಿ. ಪಟ್ಟಿ ವಿಷಯಾನೂ ಇರ್ಲಿ, ಅದರಿಂದ ಜೀವ ಉಳಿದಿದೆ." ತಾತ ಜೇಬಿನಿಂದ ಹಳೆಯ ಫೋನು ತೆಗೆದು, ಗುಂಡಿ ಒತ್ತಿ, ಅವಳ ಕಡೆ ಚಾಚಿದರು. "ಆದ್ರೆ ಮೊದಲು ನನ್ನ ಮಗಳಿಗೆ ಹೇಳಿ. ನಾನು ಹೇಳಿದ್ರೆ ಆಗಲ್ಲ. ನೀವೇ ಹೇಳ್ಬೇಕು."

ಲೈಬ್ರರಿಯಕ್ಕ ಫೋನು ಕಿವಿಗಿಟ್ಟಳು. ಎರಡು ಸಲ ರಿಂಗಾಯಿತು. ಆ ಕಡೆಯಿಂದ ಒಂದು ಹೆಂಗಸಿನ ಧ್ವನಿ ಅವಸರದಲ್ಲಿ ಬಂತು.

"ಹೇಳಪ್ಪ. ಮನೆ ಬೀಗ ಹಾಕಿ ಹೊರಟಿದೀಯಾ ತಾನೇ? ಸರಿಯಾಗಿ ನೋಡಿದ್ಯಾ?"

"ಹಾಕಿದಾರೆ," ಎಂದಳು ಲೈಬ್ರರಿಯಕ್ಕ. "ಸರಿಯಾಗೇ ನೋಡಿರ್ತಾರೆ. ಆವತ್ತೂ ಸರಿಯಾಗೇ ನೋಡಿದ್ರು. ನಾನು ಯಾರು ಅಂತ ಹೇಳ್ತೀನಿ, ದಯವಿಟ್ಟು ಫೋನ್ ಇಡಬೇಡ."